ಹಿಂದೊಂದು ಬಾಗಿಲಿರುವ ಮನೆ

ನಾಗರಬಾವಿಯ ಬಸ್ ಸ್ಟಾಪಿನಲ್ಲಿ ಕಲ್ಯಾಣಮ್ಮನ ಪಕ್ಕ ಅಕ್ಕ ತಂಗಿ ಇಬ್ಬರು ಕೂತಿದ್ದರು. ತಂಗಿಯ ತುಟಿ ಒಡೆದಿತ್ತು, ಎಡಗೈಗೆ ಪ್ಲಾಸ್ಟರ್ ಹಾಕಿತ್ತು.

“ಬಾಡಿಗೆಗೆ ಅಪಾರ್ಟ್‌ಮೆಂಟೇ ತಗೋ ಕಣೇ ಹೇಮಾ. ಗೇಟಲ್ಲಿ ಸೆಕ್ಯುರಿಟಿ ಇರ್ತಾನೆ,” ಎಂದಳು ಅಕ್ಕ.

“ನಾನು ಅವಳ ಗಂಡ ಅಂದ್ರೆ ಸೆಕ್ಯುರಿಟಿಯವನೇ ಕರ್ಕೊಂಡು ಬಂದು ನನ್ನ ಮನೆ ಬಾಗಿಲು ತೋರಿಸ್ತಾನೆ.”

“ಕಿರುಚಿದ್ರೆ ಅಕ್ಕಪಕ್ಕದೋರು ಬರ್ತಾರಲ್ಲ.”

“ಈಗಿರೋದೂ ಅಪಾರ್ಟ್‌ಮೆಂಟೇ ಅಲ್ವಾ ಅಕ್ಕಾ? ಕೂದಲು ಹಿಡಿದು ಮೂರು ಮಹಡಿ ಮೆಟ್ಟಿಲಲ್ಲಿ ಎಳ್ಕೊಂಡು ಹೋದ. ಒಬ್ರೂ ಬಾಗಿಲು ತೆಗೀಲಿಲ್ಲ.”

ಕಲ್ಯಾಣಮ್ಮ ತಲೆ ತಗ್ಗಿಸಿದರು. ಹಿಂದೊಮ್ಮೆ ತಮ್ಮ ಅಪಾರ್ಟ್‌ಮೆಂಟಿನ ಮಹಡಿಯಲ್ಲೂ ಹೆಂಗಸೊಬ್ಬಳ ಅಂಥ ಕೂಗು ಕೇಳಿದಾಗ ಅವರು ಟಿವಿ ಜೋರು ಮಾಡಿದ್ದರು.

“ನೀನು ನೋಡಿರೋ ಆ ಹೇರೋಹಳ್ಳಿ ಒಂಟಿ ಮನೇಲಿ ಒಬ್ಳೇ ಆಗ್ತೀಯಲ್ಲೇ.”

“ಅಲ್ಲಿ ಹಿಂದ್ಗಡೆನೂ ಬಾಗಿಲಿದೆ. ಓಡೋಕಾದ್ರೂ ಆಗುತ್ತೆ.”

ಬಸ್ ಬಂತು. ಅಕ್ಕ ತಂಗಿಯ ಬಲಗೈ ಹಿಡಿದು ಹತ್ತಿಸಿದಳು. ಕಲ್ಯಾಣಮ್ಮನೂ ಅದೇ ಬಸ್ಸಿಗೆ ಹೋಗಬೇಕಿತ್ತು, ಹತ್ತಲಿಲ್ಲ.