ದನಿ ಕೇಳಿ ಕೊಟ್ಟ ನ್ಯಾಯ

ಹೂಂ ಅನ್ನೋರು ಇದ್ದೀರೇನ್ರಪ್ಪಾ? ಇದ್ದರೆ ಹೇಳ್ತೀನಿ. ನಡುವೆ ಎದ್ದು ಹೋದರೆ ನನಗೆ ಸಿಟ್ಟು ಬರ್ತದೆ, ಮೊದಲೇ ಹೇಳಿದೀನಿ.

ಯಾವುದೋ ಕಾಲ, ಯಾವುದೋ ಸೀಮೆ, ಅಲ್ಲೊಂದು ಕುಂಬಾರರ ಊರು. ಮಡಕೆ ಕೊಳ್ಳೋವಾಗ ಬೆರಳಲ್ಲಿ ಬಡಿದು ನೋಡ್ತೀವಲ್ಲ? ಠಣ್ ಅಂದರೆ ಗಟ್ಟಿ, ಲೊಟ್ ಅಂದರೆ ಬಿರುಕು. ಆ ಊರಲ್ಲಿ ಮನುಷ್ಯರಿಗೂ ಅದೇ ನ್ಯಾಯ! ತಪ್ಪು ಹೊತ್ತವರು ಕಟ್ಟೆ ಮುಂದೆ ನಿಂತು ತಮ್ಮ ಹೆಸರನ್ನ ಮೂರು ಸಲ ಕೂಗಬೇಕು. ದನಿ ತಿಳಿಯಾಗಿದ್ದರೆ ಬಚಾವು. ಕೆಟ್ಟರೆ ಊರು ಬಿಡಬೇಕು.

ಊರಿಗೆಲ್ಲ ಒಂದೇ ಆವಿಗೆ. ಮಡಕೆ ಸುಡೋ ಆ ಆವಿಗೆಯ ಬೆಂಕಿ ಕಾಯೋಳು ಹುಲಿಗೆವ್ವ, ಗಂಡ ಸತ್ತ ಹೆಂಗಸು. ಇಪ್ಪತ್ತು ವರ್ಷ ಹೊಗೆ ಕುಡಿದಿದ್ದಳು, ಪಾಪ. ಒಂದು ದಿನ ಒಳಗೆ ಢಮ್ಮನೆ ಸಿಡೀತು ನೋಡಿ, ಇಡೀ ಊರಿನ ಮಡಕೆ ಚೂರುಚೂರು.

"ಬೆಂಕಿ ಜಾಸ್ತಿ ಮಾಡಿದ್ದು ಇವಳೇ! ಹೆಸರು ಕೂಗು!" ಅಂದ ಯಜಮಾನ ಕರಿಬಸಪ್ಪ.

"ಬೆಂಕಿ ಹದವಾಗೇ ಇತ್ತು ಯಜಮಾನ. ಹೊಗೆಗೆ ನನ್ನ ಗಂಟಲು..."

"ಕೂಗು ಅಂದೆ!"

ಒಂದು ಸಲ ಕೂಗಿದಳು, ದನಿ ಗೊಗ್ಗರು. ಎರಡನೇ ಸಲ ಕೆಮ್ಮು. ಮೂರನೇ ಸಲ ದನಿಯೇ ಹೊರಡಲಿಲ್ಲ. ಅವಳು ಯಾರ ಮಡಕೆಯ ಹೊಗೆ ಕುಡಿದಳು ಅಂತ ಒಬ್ಬನಾದರೂ ಕೇಳಿದನೇ? ಉಟ್ಟ ಸೀರೆಯಲ್ಲೇ ಹೊರಗೆ ಹಾಕಿದರು. ಹೇಳೋಕೂ ಹೊಟ್ಟೆ ಉರೀತದೆ ನನಗೆ.

ಮೂರು ದಿನಕ್ಕೆ ಆವಿಗೆ ಆರಿತು. ಚೂರು ಬಾಚಲು ಕರಿಬಸಪ್ಪ ಇಳಿದ. ಮೊದಲು ಸಿಡಿದಿದ್ದು ನಡುವೆ ಇಟ್ಟಿದ್ದ ದೊಡ್ಡ ಗುಡಾಣ. ಅದರ ಕಂಠದಲ್ಲಿ ಮಾಡಿದವನು ಒತ್ತಿದ ಹೆಬ್ಬೆರಳ ಗುರುತು. ಯಾರದು? ಅವನದೇ! ಸಂತೆಗೆ ತಡವಾಯ್ತು, ಒಣಗಿದೆ ಬಿಡು ಅಂತ ಹಸಿ ಗುಡಾಣವನ್ನೇ ಒಳಗಿಟ್ಟಿದ್ದ. ಹಸಿ ಮಣ್ಣು ಬೆಂಕಿಗೆ ಸಿಡೀತದೆ ಅಂತ ಕುಂಬಾರನಿಗೆ ಗೊತ್ತಿಲ್ಲವೇ?

ಚೂರು ಹಿಡಿದು ಓಡಿದ. ಹೊಳೆಯಾಚೆ ಮರದ ಕೆಳಗೆ ಹುಲಿಗೆವ್ವ ಜ್ವರ ಬಂದು ಕೂತಿದ್ದಳು. ಅವಳ ಮುಂದೆ ನಿಂತು ತನ್ನ ಹೆಸರು ಕೂಗಿದ. ದನಿ ನಡುಗಿತು. ಮತ್ತೆ ಕೂಗಿದ, ಅರ್ಧಕ್ಕೇ ನಿಂತಿತು. ಮೂರನೇ ಸಲ ಬರೀ ಅಳು.

"ನನ್ನನ್ನೂ ಊರು ಬಿಡಿಸವ್ವ," ಅಂದ.

"ಬಿಡಿಸಿ ಏನು ಮಾಡಲಿ? ಅವತ್ತು ನಾನು ಹೇಳ್ತಿದ್ದೆನಲ್ಲ, ಅದನ್ನ ಪೂರ್ತಿ ಕೇಳು. ಮೊದಲು ಒಂದು ಗುಟುಕು ನೀರು ಕೊಡು."

ಕೊಟ್ಟ. ಕೂತು ಕೇಳಿದ. ಅವಳನ್ನ ಕರಕೊಂಡು ಹೋಗಿ, ಕಟ್ಟೆ ಮುಂದೆ ನಿಂತು ತನ್ನ ತಪ್ಪು ಹೇಳಿದ. ಅವಳ ಗಂಟಲು ಮಾತ್ರ ಕೊನೇತನಕ ಸರಿಹೋಗಲಿಲ್ಲ.

ಅವತ್ತಿಂದ ಆ ಊರಲ್ಲಿ ಮಡಕೆಯನ್ನಷ್ಟೇ ಬಡಿದು ನೋಡ್ತಾರೆ. ತಪ್ಪು ಹೊತ್ತು ಬಂದ ಮನುಷ್ಯನಿಗೆ ಮೊದಲು ನೀರು ಕೊಡ್ತಾರೆ.

ಹುಲಿಗೆವ್ವ ತನ್ನ ಆವಿಗೆಗೆ ಹೋದಳು, ನಾನು ನನ್ನ ಚಾಪೆಗೆ. ಹೂಂ ಅಂದವರು ಮನೆಗೆ ನಡೀರಿ.