ಅಕ್ಕ ಬರೆದ ಪ್ರಶ್ನೆ

ಗೌರವಾನ್ವಿತ ಅಧ್ಯಕ್ಷರೇ, ಮುಖ್ಯ ಅತಿಥಿಗಳೇ, ಕೊನೆಯ ಸಾಲಿನಲ್ಲಿ ಬಾಗಿಲ ಪಕ್ಕ ಕುಳಿತಿರುವ ಅಕ್ಕನವರೇ, ಸಹೋದ್ಯೋಗಿಗಳೇ, ಸಭಿಕರೇ,

ಸಾವಿರ ಜಾಲತಾಣ ಕಟ್ಟಿದವನೆಂದು ನನ್ನನ್ನು ಹೊಗಳಿದಿರಿ. ಕಟ್ಟಿದ್ದು ನಾನಲ್ಲ, ಒಂದು ಟೂಲು. ಕಪ್ಪು ಪರದೆಯಲ್ಲಿ ಒಂದು ಸಾಲು ಟೈಪ್ ಮಾಡಿ ಎಂಟರ್ ಒತ್ತಿದರೆ ಸಾಕು; ಪುಟಗಳು, ಬರೆಯುವವರ ಖಾತೆಗಳು, ಚಿತ್ರಗಳ ಜಾಗ, ಎಲ್ಲವೂ ಚಹಾ ಆರುವಷ್ಟರಲ್ಲಿ ಎದ್ದು ನಿಲ್ಲುತ್ತವೆ. ನಾನು ಮಾಡಿದ್ದು ಚಹಾ ಕುಡಿಯುವ ಕೆಲಸ.

ಆ ಟೂಲನ್ನು ಬರೆದವರು ಯಾರು? ಆಗ ನನ್ನ ಪಕ್ಕದ ಮೇಜಿನಲ್ಲಿದ್ದ ಹಿರಿಯರು; ಎಲ್ಲರೂ ಅಕ್ಕ ಎನ್ನುತ್ತಿದ್ದೆವು. ಹಳೆಯ ತಾಣವನ್ನು ಅಳಿಸಿ ಹೊಸದು ಕಟ್ಟುವ ಮುನ್ನ ಅದು ‘ಇದನ್ನು ಅಳಿಸಲೇ?’ ಎಂದು ಕೇಳುತ್ತಿತ್ತು. ತಾಣದ ಹೆಸರನ್ನು ಪೂರ್ತಿ ಟೈಪ್ ಮಾಡಿದರೆ ಮಾತ್ರ ಮುಂದಿನ ಹೆಜ್ಜೆ. ಪರೀಕ್ಷೆಗೆಂದು ತಾಣ ಕಟ್ಟಿ ಅಳಿಸುತ್ತಿದ್ದ ನನಗೆ ಇದು ದಿನಕ್ಕೆ ನಲವತ್ತು ಸಲ!

“ಅಕ್ಕಾ, ನಿಮ್ ಟೂಲು ನಮ್ಮಜ್ಜಿ ಥರ. ಹೊಸಲು ದಾಟೋಕ್ ಬಿಡದೆ ಎಲ್ಲಿಗೆ, ಯಾಕೆ ಅಂತ ಕೇಳುತ್ತೆ” ಅಂದೆ.

“ಅಜ್ಜಿ ಕೇಳಿದ್ದಕ್ಕೇ ನೀನು ಬಾವಿಗೆ ಬೀಳದೆ ಇಷ್ಟುದ್ದ ಬೆಳೆದಿದ್ದು. ಸುಮ್ನೆ ಟೈಪ್ ಮಾಡು ತಮ್ಮಾ” ಅಂದರು.

ಮಾಡಲಿಲ್ಲ. ಅವರು ಊಟಕ್ಕೆ ಹೋದಾಗ ಆ ಪ್ರಶ್ನೆಯನ್ನೇ ಟೂಲಿನಿಂದ ಕಿತ್ತುಹಾಕಿದೆ. ಅದೇ ವಾರ, ಪರದೆಯಲ್ಲಿ ಎರಡು ಕಿಟಕಿ ತೆರೆದುಕೊಂಡು, ತಪ್ಪು ಕಿಟಕಿಯಲ್ಲಿ ಎಂಟರ್ ಒತ್ತಿದೆ. ಅದು ಕಿವುಡ ಮಕ್ಕಳ ಶಾಲೆಯ ತಾಣ. ಹನ್ನೊಂದು ವರ್ಷಗಳಿಂದ ಮಕ್ಕಳು ಬರೆದದ್ದೆಲ್ಲ ಅಲ್ಲಿತ್ತು, ಬೇರೆಲ್ಲೂ ಪ್ರತಿಯಿರಲಿಲ್ಲ. ಚಹಾ ಆರುವ ಮೊದಲೇ ಖಾಲಿ ಪುಟವೊಂದು ಬಂದು, ‘ಸ್ವಾಗತ, ಇದು ನಿಮ್ಮ ಮೊದಲ ಬರಹ’ ಎಂದಿತು.

ಆಗಿನ ಮ್ಯಾನೇಜರು ಓಡಿ ಬಂದರು. “ಈ ಟೂಲು ಯಾರದು?”

“ಅಕ್ಕಂದು” ಅಂದೆ.

ಸುಳ್ಳಲ್ಲ ನೋಡಿ. ನಿಜವನ್ನೇ ಹೇಳಿ ಒಬ್ಬರ ಅನ್ನ ಕಿತ್ತುಕೊಂಡೆ. ಅಕ್ಕ ನನ್ನತ್ತ ಒಮ್ಮೆ ನೋಡಿದರು. ಸಂಜೆ ತಮ್ಮ ಲೋಟ ತೊಳೆದು ಚೀಲಕ್ಕೆ ಹಾಕಿಕೊಂಡು ಹೋದರು.

ಹೊಸದಾಗಿ ಬಂದ ಅಧ್ಯಕ್ಷರು ಕಳೆದ ತಿಂಗಳು ನನ್ನನ್ನು ಕರೆದು ಅದೇ ಮಾತು ಕೇಳಿದರು: “ಈ ಟೂಲು ಯಾರದು?”

“ನನ್ನದು” ಅಂದೆ.

ಈ ಸನ್ಮಾನಕ್ಕೆ ಹಳಬರಿಗೆಲ್ಲ ಆಮಂತ್ರಣ ಹೋಗಿತ್ತು. ಅಕ್ಕ ಬರಲಾರರು ಎಂದುಕೊಂಡಿದ್ದೆ. ಬಂದಿದ್ದಾರೆ. ಈಗ ನನ್ನ ಹೆಸರು ಕೂಗಿದಾಗ ಚಪ್ಪಾಳೆಯನ್ನೂ ತಟ್ಟಿದರು. ಬರೆದು ತಂದ ಭಾಷಣ ಜೇಬಿನಲ್ಲೇ ಉಳಿಯಿತು.

ಅಧ್ಯಕ್ಷರೇ, ನೀವು ಕೊಟ್ಟ ಫಲಕವನ್ನು ಮೇಜಿನ ಮೇಲೆ ಇಟ್ಟಿದ್ದೇನೆ. ನಿಮ್ಮ ಆ ಪ್ರಶ್ನೆಯನ್ನು ಈ ಸಭೆಯ ಎದುರು ಮತ್ತೊಮ್ಮೆ ಕೇಳಿ. ಈ ಸಲ ಉತ್ತರವನ್ನು ಪೂರ್ತಿ ಹೇಳುತ್ತೇನೆ: ಟೂಲು ಅಕ್ಕನದು, ಅಳಿಸಿದ ಕೈ ನನ್ನದು.

ಇಷ್ಟು ಹೊತ್ತು ಎದ್ದು ಹೋಗದೆ ಕುಳಿತ ಅಕ್ಕನಿಗೂ ನಿಮ್ಮೆಲ್ಲರಿಗೂ ತಲೆ ತಗ್ಗಿಸಿ ವಂದಿಸುತ್ತೇನೆ. ನಮಸ್ಕಾರ.