ಖಾಲಿ ಹಾಳೆಯೇ ಆಗಬೇಕು

ಅದಲ್ಲ ಕಣೇ, ಕಿಟಕಿ ತೆಗೆದೇ ಇರಲಿ. ಪರದೆ ಮಾತ್ರ ಎಳಿ. ಬೆಳಕು ಸೋಸಿ ಬರಬೇಕು, ಹಿಟ್ಟು ಜರಡಿ ಹಿಡಿದ ಹಾಗೆ. ಹಾಂ... ಸಾಕು. ಈಗ ಆ ಥರ್ಮಾಕೋಲ್ ಹಾಳೆ ಎದುರಿಗೆ ನಿಲ್ಲಿಸು, ಮೇಜಿನ ಈಚೆ ತುದಿಗೆ. ಕಿಟಕಿ ಬೆಳಕು ಅದಕ್ಕೆ ಬಡಿದು ವಾಪಸ್ ಬರುತ್ತೆ, ಕೈ ನೆರಳು ಕೆಲಸದ ಮೇಲೆ ಬೀಳಲ್ಲ. ಇಷ್ಟೇ ಸ್ಟುಡಿಯೋ. ಏನು ನಗು? ಗೋಡೆಗೆ ರಜಾಯಿ ಹೊದಿಸಿದ್ದಕ್ಕಾ? ನಗು, ನಗು. ಅದಿಲ್ಲದಿದ್ದರೆ ನನ್ನ ಮಾತು ಬಾವಿಯೊಳಗಿಂದ ಬಂದ ಹಾಗೆ ಕೇಳುತ್ತೆ. ಫ್ರಿಜ್ಜೂ ಆಫ್ ಮಾಡಿದ್ದೀನಿ, ಅದರ ಗುಂಯ್ ಸದ್ದು ಬರುತ್ತೆ ಅಂತ. ಹೋಗುವಾಗ ನೆನಪಿಸು. ಹೋದ ವಾರ ಹಾಲು ಒಡೆದುಹೋಯ್ತು.

ಫೋನ್ ಸ್ಟ್ಯಾಂಡಿನ ಸ್ಕ್ರೂ ನೀನೇ ಬಿಗಿ ಮಾಡಮ್ಮ, ನನಗೆ ಎಟುಕಲ್ಲ. ...ಸ್ಟೂಲ್ ಇದೆ, ಗೊತ್ತು. ಸ್ಟೂಲ್ ಹತ್ತಿದರೆ ತಲೆ ತಿರುಗುತ್ತೆ. ಮೇಜಿನಿಂದ ಎರಡೂವರೆ ಅಡಿ, ನೇರ ಕೆಳಗೆ ನೋಡಬೇಕು. ಮುಖ ಬೇಡ, ಮೊಣಕೈವರೆಗೆ ಸಾಕು. ಕಲಿಯೋರಿಗೆ ಬೇಕಾದ್ದು ಕೈ. ಬೈಂಡರಕ್ಕನ ಮೂತಿ ಯಾರಿಗೆ ಬೇಕು?

ಕೂತ್ಕೋ. ಇವತ್ತೂ ಬೆಳಕು ನೋಡೋಕೆ, ಅಷ್ಟೇ. ಎಂಟು ಭಾನುವಾರ ಬಂದಿದ್ದೀಯ, ಇದೊಂದು. ನೀನು ಸುಮ್ಮನೆ ಹೊಲಿತಾ ಇರು, ನಾನು ಫೋಕಸ್ ನೋಡ್ತೀನಿ. ತಪ್ಪಾದರೂ ಪರವಾಗಿಲ್ಲ, ಅಳಿಸಿಹಾಕ್ತೀನಿ. ನೀನು ಹೋದ ಮೇಲೆ ನಾನು ಕೂತು ನಿಜವಾದ ಪಾಠ ತೆಗೀತೀನಿ. ಒಂಬತ್ತನೇದು, ಕೊನೇದು. ಪುಸ್ತಕದ ಬೆನ್ನು ಹೊಲಿದು ರಟ್ಟಿಗೆ ಸೇರಿಸೋದು. ನಾಳೆ ಬೆಳಿಗ್ಗೆ ನೆಟ್‌ನಲ್ಲಿ ಹಾಕಲೇಬೇಕು. ಮುನ್ನೂರ ಹನ್ನೆರಡು ಜನ ಕಾಯ್ತಿದ್ದಾರೆ ಕಣೇ. ಬೈಂಡಿಂಗ್ ಅಂಗಡಿ ಮುಚ್ಚಿ ಮೂರು ವರ್ಷ, ಒಂದು ನರಪಿಳ್ಳೆ ನನ್ನನ್ನ ಏನೂ ಕೇಳಿರಲಿಲ್ಲ. ಈಗ ಬೆಳಗಾದರೆ ಟೀಚರ್, ಯಾವ ದಾರ, ಟೀಚರ್, ಅಂಟು ಯಾಕೆ ಗಂಟಾಗುತ್ತೆ...

ಅದು ಬೇಡ. ಆ ಹಳೇ ಪೇಪರ್ ತೆಗಿ. ಅಕ್ಷರ ಇರೋದು ಯಾವುದೂ ಮೇಜಿನ ಮೇಲೆ ಬೇಡ. ಖಾಲಿ ಹಾಳೆಯೇ ಆಗಬೇಕು. ...ಯಾಕೆ ಅಂದ್ರೆ? ಅಕ್ಷರ ಕಂಡರೆ ಜನ ಓದೋಕೆ ಶುರು ಮಾಡ್ತಾರೆ, ಹೊಲಿಗೆ ನೋಡಲ್ಲ. ಅಂಟಿನ ಡಬ್ಬಿ ಚೀಟಿಯೂ ಕಿತ್ತಿದ್ದೀನಿ ನೋಡು.

ತಾಳು, ಒಲೆ ಮೇಲೆ ಅಂಟು ಕಾಯ್ತಿದೆ, ಆರಿಸಿ ಬಂದೆ...

ಆ ಲ್ಯಾಪ್‌ಟಾಪ್ ಯಾಕೆ ಮುಟ್ಟಿದೆ? ತೆಗೆದೇ ಇತ್ತಾ. ಸರಿ. ಏನದು, ಮೂರನೇ ಪಾಠದ ಕೆಳಗಿನ ಪ್ರಶ್ನೆಯಾ? "ಟೀಚರ್, ನಿಮ್ಮ ಸ್ಟೀಲ್ ಸ್ಕೇಲಿನಲ್ಲಿ ಒಂದು, ಎರಡು, ಮೂರು ಬಲದಿಂದ ಎಡಕ್ಕೆ ಯಾಕೆ ಹೋಗುತ್ತೆ?" ಅದಕ್ಕೆ ಉತ್ತರ ಬರೆದಿದ್ದೀನಲ್ಲ, ಹಳೇ ಕಾಲದ ಸ್ಕೇಲು ಅಂತ. ನಗ್ತೀಯಾ? ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ. ಆಯ್ತಮ್ಮ, ನನಗೆ ಸ್ಕೇಲೇ ಡೊಂಕು.

ನಗು ಯಾಕೆ ನಿಲ್ಲಿಸಿದೆ?

ಆ ವಿಡಿಯೋ ಹಿಂದೆ ಮುಂದೆ ಓಡಿಸಬೇಡ. ಬಾ, ಬೆಳಕು ಹೋಗ್ತಿದೆ. ಹನ್ನೊಂದಾದ ಮೇಲೆ ಎದುರು ಮನೆ ನೆರಳು ಬೀಳುತ್ತೆ.

ಕಿರುಬೆರಳಾ? ಏನಾಯ್ತು ಕಿರುಬೆರಳಿಗೆ? ದಾರ ಎಳೆಯುವಾಗ ಮೇಲಕ್ಕೆ ಎದ್ದಿದೆ, ಅಷ್ಟೇ. ಹೌದು, ನಿಂದೂ ಹಾಗೇ ಏಳುತ್ತೆ. ಒಂದೇ ಹೊಟ್ಟೇಲಿ ಹುಟ್ಟಿದೋರು, ಬೆರಳು ಒಂದೇ ಥರ ಇದ್ದರೆ ತಪ್ಪಾ? ...ನಂದು ಎದ್ದಿದ್ದು ನೀನು ಯಾವತ್ತೂ ನೋಡಿಲ್ಲ. ಸರಿ, ನೋಡಿಲ್ಲ. ಈಚೆಗೆ ಶುರುವಾಗಿದೆ. ವಯಸ್ಸು.

ನಿನ್ನ ಎಡಗೈ ಯಾಕೆ ಸ್ಕ್ರೀನಿಗೆ ಹಿಡಿದಿದ್ದೀಯ?

ಅಲ್ಲಿರೋದು ಬಲಗೈ ಕಣೇ. ನೋಡು, ಸೂಜಿ ಬಲಗೈಲಿದೆ. ನಿನಗೆ ಬಲಗೈಲಿ ಹೊಲಿಗೆ ಬರಲ್ಲ ಅಂತ ಲೋಕಕ್ಕೇ ಗೊತ್ತು. ಮತ್ತೆ ಅದು ನಿನ್ನ ಕೈ ಹೇಗಾಗುತ್ತೆ?

...ಸ್ಕ್ರೀನ್ ಬಿಟ್ಟು ನನ್ನ ಕಡೆ ತಿರುಗಿದೆಯಾ.

ಹಾಗೆ ನೋಡಬೇಡ. ಬೈಯಿ ಬೇಕಾದರೆ.

...ಒಂದು ಗುಂಡಿ ಒತ್ತಿದರೆ ಆಯ್ತು. ಚಿತ್ರ ಎಡಬಲ ತಿರುಗುತ್ತೆ, ಕನ್ನಡೀಲಿ ನೋಡಿದ ಹಾಗೆ. ಎಡಗೈ ಬಲಗೈ ಆಗುತ್ತೆ. ಅಕ್ಷರ ಮಾತ್ರ ಉಲ್ಟಾ ಬರುತ್ತೆ, ಅದಕ್ಕೇ ಖಾಲಿ ಹಾಳೆ. ಡಬ್ಬಿ ಚೀಟಿ ಕಿತ್ತೆ, ಕತ್ತರಿ ಮೇಲಿನ ಹೆಸರಿಗೆ ಟೇಪ್ ಹಚ್ಚಿದೆ. ಸ್ಕೇಲ್ ಮರೆತೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಅಳಿಸ್ತೀನಿ ಅಂದದ್ದು ಯಾವುದನ್ನೂ ಅಳಿಸಿಲ್ಲ, ಎಂಟೂ ಪಾಠ ನಿಂದೇ. ದನಿ ನಂದು, ಕೈ ನಿಂದು.

ಮೊದಲನೇ ಭಾನುವಾರ ನಿಜವಾಗಿ ಬೆಳಕು ನೋಡೋಕೇ ಕರೆದಿದ್ದು. ಅಷ್ಟನ್ನಾದರೂ ನಂಬು. ನೀನು ಹೋದ ಮೇಲೆ ನಾನು ಕೂತೆ. ಹನ್ನೊಂದು ಸಲ ತೆಗೆದೆ. ಹನ್ನೊಂದು ಸಲವೂ ಸೂಜಿ ಬಿತ್ತು. ಹೆಬ್ಬೆರಳು ಮಡಚಲ್ಲ ನನಗೆ, ಒಂದೂವರೆ ವರ್ಷ ಆಯ್ತು. ಸ್ಕ್ರೂ ಎಟುಕುತ್ತೆ, ಹಿಡಿತ ಇಲ್ಲ. ಇದು ಇನ್ನು ಸರಿಹೋಗಲ್ಲ ಅಂದರು ಡಾಕ್ಟರು. ನಿನಗೆ ಹೇಳಬೇಕಿತ್ತು, ಬಾಯೇ ಬರಲಿಲ್ಲ. ಯಾರಿಗೆ ಹೇಳೋದು? ಅಂಗಡಿಯಿಂದ ನಾನೇ ಎಬ್ಬಿಸಿ ಕಳಿಸಿದವಳಿಗಾ?

ಹದಿನಾರು ನಿನಗಾಗ. ಎಡಗೈ ಹೊಲಿಗೆ ಉಲ್ಟಾ ಬೀಳುತ್ತೆ, ಗಿರಾಕಿ ಕಂಡುಹಿಡೀತಾರೆ ಅಂದೆ. ಆರು ತಿಂಗಳು ಬಲಗೈಗೆ ಸೂಜಿ ಕೊಟ್ಟೆ. ಎಡಗೈ ಎದ್ದಾಗೆಲ್ಲ ರಟ್ಟಿನ ಪಟ್ಟಿಯಿಂದ ಹೊಡೆದೆ. ಆಮೇಲೆ ಹಾಳೆ ಎಣಿಸೋಕೆ ಕೂರಿಸಿದೆ, ಅದೂ ಆಗಲಿಲ್ಲ ಅಂತ ಮನೆಗೆ ಕಳಿಸಿದೆ. ಯಾವ ಗಿರಾಕಿಯೂ ಕಂಡುಹಿಡೀತಿರಲಿಲ್ಲ ಕಣೇ. ಈಗ ಮುನ್ನೂರು ಜನ ನೋಡ್ತಿದ್ದಾರಲ್ಲ. ಟೀಚರ್, ಎಂಥಾ ಕೈ ನಿಮ್ಮದು ಅಂತ ಬರೀತಾರೆ. ನಾನು ಥ್ಯಾಂಕ್ಸ್ ಅಂತ ಬರೀತೀನಿ.

ಇದೊಂದು ಹೊಲಿದುಕೊಡು. ಆಮೇಲೆ ನಿನ್ನ ಹೆಸರು... ಇಲ್ಲ. ಇನ್ನೊಂದು ಸುಳ್ಳು ಬೇಡ. ಹೆಸರು ಹಾಕಿದರೆ ಎಂಟೂ ಪಾಠ ಬಿದ್ದುಹೋಗುತ್ತೆ. ಹಾಕಲ್ಲ ನಾನು. ಬರೀ ಹೊಲಿದುಕೊಡು.

...ಎದ್ದೆಯಾ. ಹೋಗು, ನಾನು ತಡೆಯಲ್ಲ...

ಓ, ಕುರ್ಚಿ ಎಳ್ಕೊಳ್ಳೋಕಾ. ಕೂತ್ಕೋ. ಕೂತ್ಕೋಮ್ಮ. ದಾರಕ್ಕೆ ಮೇಣ ಸವರಿದ್ದೀನಿ. ರೆಕಾರ್ಡಿಂಗ್ ಒತ್ತಲಾ? ಒತ್ತಿದೆ.

ಅಲ್ಲ, ಸೂಜಿ ಆ ಕೈಗೆ ಯಾಕೆ?

ಬಲಗೈ ಬೇಡ ಕಣೇ. ಅದರಲ್ಲಿ ನಿನಗೆ ಬರಲ್ಲ. ನೋಡು, ಮೊದಲನೇ ಹೊಲಿಗೆಯೇ ಸೊಟ್ಟ. ದಾರ ಸಡಿಲ. ಹಾಳೆ ಹರೀತು ನೋಡು. ...ಹೌದು, ಹಾಗೆ ಹಿಡಿಯೋಕೆ ಹೇಳಿಕೊಟ್ಟಿದ್ದು ನಾನೇ.

ಕೈ ಬದಲಿಸು.

ಬದಲಿಸೇ...

ಬದಲಿಸಲ್ವಾ?